ಮೂವತ್ತನಾಲ್ಕು ಡಿಗ್ರಿಯ ನೀರು

ಹೊಳನಗದ್ದೆಯ ಆ ಮನೆಯ ಹಿತ್ತಲಲ್ಲಿ ಹತ್ತು ಅಡಿ ಉದ್ದ, ಐದು ಅಡಿ ಅಗಲದ ಒಂದು ತೊಟ್ಟಿಯಿತ್ತು. ಎದೆಮಟ್ಟದ ನೀರು. ಮೇಲೆ ತಗಡಿನ ಮಾಡು, ಮೂರು ಕಡೆ ಗೋಡೆ, ಗದ್ದೆಯ ಕಡೆಗೆ ಮಾತ್ರ ದಪ್ಪ ಪ್ಲಾಸ್ಟಿಕ್ಕಿನ ಪರದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಗೀಸರು, ಬಾಯ್ಲರು ರಿಪೇರಿ ಮಾಡುವ ನಾನು ಸಲಕರಣೆಯ ಚೀಲ ಹಿಡಿದು ಆ ಮಾಡಿನ ಕೆಳಗೆ ಹೆಜ್ಜೆಯಿಟ್ಟಾಗ ನೀರಿನ ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು. ಪರದೆಯಾಚೆ ನಾಟಿಯಾದ ಗದ್ದೆಯ ಹಸಿರು ನೀರಲ್ಲಿ ಕರಗಿದ ಬಣ್ಣದಂತೆ ಕಾಣುತ್ತಿತ್ತು. ಆ ಹಬೆಯ ನಡುವೆ ಒಬ್ಬ ಹೆಂಗಸು ಸ್ಟೀಲಿನ ಕಂಬಿ ಹಿಡಿದು ಬಹಳ ನಿಧಾನವಾಗಿ ನಡೆಯುತ್ತಿದ್ದರು. ನೆಲದ ಮೇಲೆ ಎರಡು ಹೆಜ್ಜೆ ಇಡಲಾರದವರು ನೀರಿನಲ್ಲಿ ನಡೆಯುತ್ತಿದ್ದರು. ನಾನು ಮಾತಾಡದೆ ನಿಂತುಬಿಟ್ಟೆ. ಸದ್ದು ಮಾಡಿದರೆ ಆ ನಡಿಗೆ ನಿಂತುಹೋಗಬಹುದು ಎಂಬ ಹೆದರಿಕೆ ಯಾಕೋ ಹುಟ್ಟಿತು.

ಅವರು ನನ್ನ ಮಗಳಿಗೆ ಅಕ್ಷರ ಕಲಿಸಿದ ಅಕ್ಕೋರು. ನಮ್ಮ ಕಡೆ ಶಾಲೆಯ ಟೀಚರಿಗೆ ಹಾಗೇ ಹೇಳುವುದು. ಹಿಂದಿನ ವರ್ಷ ಒಂದು ಜ್ವರದ ಬೆನ್ನಿಗೇ ನರಗಳ ಕಾಯಿಲೆ ಬಂದು, ಕೆಲವೇ ದಿನಗಳಲ್ಲಿ ಕೈಕಾಲು ಸೋತಿದ್ದವು. ಆಸ್ಪತ್ರೆಯಿಂದ ಬಂದ ಮೇಲೆ ಕೈಗಳಿಗೆ ಅರ್ಧ ಬಲ ಮರಳಿತ್ತು. ಮೊಣಕಾಲಿನ ಕೆಳಗೆ ಮಾತ್ರ ಮುಟ್ಟಿದರೆ ತಿಳಿಯುತ್ತಿರಲಿಲ್ಲ; ಬಿಸಿ, ತಣ್ಣಗೆ ಯಾವುದೂ ಗೊತ್ತಾಗುತ್ತಿರಲಿಲ್ಲ. ದಿನಾ ಒಂದು ತಾಸು ಬೆಚ್ಚಗಿನ ನೀರಿನಲ್ಲಿ ನಡೆಸಿ ಎಂದು ಹೊನ್ನಾವರದ ಫಿಸಿಯೋಥೆರಪಿ ಡಾಕ್ಟರು ಹೇಳಿದ್ದರು. ನೀರು ಮೂವತ್ತನಾಲ್ಕು ಡಿಗ್ರಿ ಇರಬೇಕು. ತಣ್ಣಗಾದರೆ ಸ್ನಾಯು ಬಿಗಿದುಕೊಳ್ಳುತ್ತದೆ. ಹೆಚ್ಚು ಬಿಸಿಯಾದರೆ ಸುಸ್ತು, ಮೇಲಾಗಿ ಸ್ಪರ್ಶವಿಲ್ಲದ ಕಾಲಿನ ಚರ್ಮಕ್ಕೆ ಅಪಾಯ.

ಅಕ್ಕೋರ ಅಣ್ಣ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುವವರು. ರಜೆ ಹಾಕಿ ಬಂದು, ತಾವೇ ನಿಂತು ತೊಟ್ಟಿ ಕಟ್ಟಿಸಿದ್ದರು. ಅಪ್ಸರಕೊಂಡದ ಹತ್ತಿರ ಮುಚ್ಚಿಹೋದ ಒಂದು ರೆಸಾರ್ಟಿನಿಂದ ಗೋಡೆಗೆ ತೂಗುಹಾಕುವ ಹಳೇ ಗ್ಯಾಸ್ ಬಾಯ್ಲರನ್ನು ತಂದು ಹೊರಗಿನ ಚಪ್ಪರದಲ್ಲಿ ಕೂರಿಸಿದ್ದರು. ಬಾಯ್ಲರಿನ ನೀರು ಬೇರೆ, ತೊಟ್ಟಿಯ ನೀರು ಬೇರೆ. ನಡುವೆ ಇಟ್ಟಿಗೆ ಗಾತ್ರದ ಒಂದು ಸ್ಟೀಲ್ ಪೆಟ್ಟಿಗೆಯೊಳಗೆ ಎರಡೂ ನೀರು ತೆಳು ತಗಡಿನ ಆಚೆ ಈಚೆ ಹರಿದು, ಬಿಸಿ ಮಾತ್ರ ಈಚೆಗೆ ದಾಟುತ್ತಿತ್ತು. ಕೆಲಸ ಅಚ್ಚುಕಟ್ಟಾಗಿತ್ತು. ಇಲ್ಲದ್ದು ಒಂದೇ. ತೊಟ್ಟಿಯ ನೀರು ಸಾಕಷ್ಟು ಬಿಸಿಯಾಯಿತು ಎಂದು ಬಾಯ್ಲರಿಗೆ ಹೇಳುವವರು ಯಾರೂ ಇರಲಿಲ್ಲ. ಅಕ್ಕೋರು 'ಆಯಿ' ಎಂದು ಕರೆಯುವ ಅವರ ತಾಯಿ ಥರ್ಮಾಮೀಟರ್ ಅದ್ದಿ ನೋಡಿ, ಚಪ್ಪರಕ್ಕೆ ಓಡಿ ಸ್ವಿಚ್ ಆರಿಸಬೇಕಿತ್ತು.

"ಮೊನ್ನೆ ಒಲೆ ಮೇಲೆ ಸಾರು ಉಕ್ತು, ಇದ್ರ ಸುದ್ದಿನೇ ಮರ್ತೋಯ್ತು ಕಾಣು," ಎಂದರು ಆ ತಾಯಿ. "ನೀರು ಮೂವತ್ತೊಂಬತ್ತಕ್ಕೆ ಹೋಗಿತ್ತು. ಮತ್ತೆ ತಣೀಲಿ ಅಂತ ಮಧ್ಯಾಹ್ನದವರೆಗೆ ಕೂತ್ವಿ."

ಇನ್ನೊಂದು ತೊಂದರೆಯೂ ಇತ್ತು. ನಾಲ್ಕು ದಿನಕ್ಕೊಂದು ಸಿಲಿಂಡರ್ ಖಾಲಿಯಾಗುತ್ತಿತ್ತು. ಅಷ್ಟು ಬೇಗ ಮತ್ತೊಂದು ಸಿಗುತ್ತಿರಲಿಲ್ಲ. ಸಿಲಿಂಡರ್ ಇಲ್ಲದ ದಿನ ನಡಿಗೆಯಿಲ್ಲ. ಎರಡು ದಿನ ನಡಿಗೆ ತಪ್ಪಿದರೆ ಮೂರನೇ ದಿನ ಮೊಣಕಾಲು ಬಗ್ಗುತ್ತಿರಲಿಲ್ಲ. ಕಡಿಮೆ ಗ್ಯಾಸಿನಲ್ಲಿ, ತಪ್ಪದೆ, ಮೂವತ್ತನಾಲ್ಕು ಡಿಗ್ರಿ. ನನಗೆ ವಹಿಸಿದ ಕೆಲಸ ಇಷ್ಟೇ.

"ಮೇಸ್ತ್ರಿ, ನಾ ಮುಂದಿನ ತಿಂಗ್ಳು ಹಡಗಿಗೆ ಹೋಗ್ಬೇಕು," ಎಂದರು ಅಣ್ಣ. "ಎಲ್ಲಿದ್ರೂ ನಂಗೆ ಮೊಬೈಲಲ್ಲಿ ಕಾಣ್ಬೇಕು. ಅಲ್ಲಿಂದಲೇ ಹಚ್ಚುಕೆ, ಆರಿಸುಕೆ ಬರ್ಬೇಕು."

ಅದಕ್ಕೆ ಬೇಕಾದ ಡಬ್ಬಿಯನ್ನು ಅವರು ಮೊದಲೇ ತರಿಸಿದ್ದರು. ಅಂಗೈ ಗಾತ್ರದ ಬಿಳಿ ಡಬ್ಬಿ. ಮನೆಯ ವೈಫೈಗೆ ಜೋಡಿಸಿದರೆ ಫೋನಿನಲ್ಲಿ ನೀರಿನ ಉಷ್ಣತೆ ಕಾಣುತ್ತದೆ; ಗೊತ್ತುಮಾಡಿದ ಅಂಕಿ ಮುಟ್ಟಿದರೆ ಅದೇ ಬಾಯ್ಲರನ್ನು ಆರಿಸುತ್ತದೆ. ನಾನು ಎರಡು ದಿನ ಕೆಲಸ ಮಾಡಿ ಅದನ್ನು ಕೂರಿಸಿದೆ. ಮೆಟ್ಟಿಲಿನ ಬದಿಯ ಗೋಡೆಯಲ್ಲಿ ಬಿಸಿನೀರಿನ ಪೈಪು ಒಳಗೆ ಬರುತ್ತಿತ್ತು. ನೀರಿನ ಬಿಸಿ ಅಳೆಯುವ ಸೆನ್ಸರನ್ನು ಎದುರು ಗೋಡೆಗೆ ಹಾಕಿದೆ. ಯಾಕೆ ಅಲ್ಲಿ ಎಂದು ಯಾರಾದರೂ ಕೇಳಿದ್ದರೆ ದೊಡ್ಡ ಕಾರಣ ಹೇಳುತ್ತಿದ್ದೆನೇನೋ. ನಿಜವಾದ ಕಾರಣ, ಅಲ್ಲಿ ಮೊದಲೇ ಒಂದು ತೂತಿತ್ತು. ಟೈಲ್ಸು ಕೊರೆಯುವ ಕೆಲಸ ತಪ್ಪಿತು.

ಅಣ್ಣನ ಫೋನಿನಲ್ಲಿ ನೀಲಿ ವೃತ್ತದೊಳಗೆ ೩೪ ಎಂದು ಮೂಡಿದಾಗ ನಮಗೆಲ್ಲ ಖುಷಿಯಾಯಿತು. ಅಕ್ಕೋರು ಮಾತ್ರ ನೀರಿನೊಳಗಿಂದ ಕೇಳಿದರು, "ಅದ್ರಲ್ಲಿ ಕಾಣುದು ಯಾವ ನೀರು, ಮೇಸ್ತ್ರಿ?"

"ಇದೇ ನೀರು, ಅಕ್ಕೋರೆ," ಎಂದೆ.

ಹದಿನೈದು ದಿನ ಎಲ್ಲ ಸರಿಯಾಗಿಯೇ ನಡೆಯಿತು. ಅಣ್ಣ ಹಡಗಿಗೆ ಹೋದರು. ಅವರು ಹೋದ ವಾರವೇ, ನಾನು ಕುಮಟೆ ಪೇಟೆಯಲ್ಲಿ ಒಂದು ಗೀಸರಿನ ಬರ್ನರ್ ಉಜ್ಜುತ್ತಿದ್ದಾಗ ಅಕ್ಕೋರ ತಾಯಿಯ ಫೋನು ಬಂತು.

"ತಮ್ಮಾ, ಒಂಚೂರು ಬಂದು ಹೋಗ್ತಿಯಾ?"

"ಎಂತ ಆತು ಅಮ್ಮಾ?"

"ಬಾ. ಕಣ್ಣಲ್ಲೇ ಕಾಣು."

ಅಕ್ಕೋರು ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎಡಗಾಲಿನ ಕಣಕಾಲಿನ ಮೇಲೆ ಅಂಗೈಯಷ್ಟು ಜಾಗ ಕೆಂಪಗಾಗಿತ್ತು. ಗುಳ್ಳೆ ಎದ್ದಿರಲಿಲ್ಲ. ಬೆಳಿಗ್ಗೆ ನೀರಿಗೆ ಇಳಿದು, ಉಸಿರು ತೆಗೆದುಕೊಳ್ಳಲು ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದರಂತೆ. ಬಿಸಿನೀರು ಒಳಗೆ ಬರುವ ಪೈಪಿನ ಬಾಯಿ ಅಲ್ಲೇ ಇತ್ತು. ಎದುರು ಗೋಡೆಯ ಸೆನ್ಸರು ಇನ್ನೂ ಮೂವತ್ತೆರಡು ತೋರಿಸುತ್ತಿದ್ದರಿಂದ ಬಾಯ್ಲರು ಉರಿಯುತ್ತಲೇ ಇತ್ತು. ಪೈಪಿನ ಬಾಯಲ್ಲಿ ನೀರು ಅರವತ್ತರ ಹತ್ತಿರ ಇದ್ದಿರಬೇಕು. ಅವರ ಕಾಲಿಗೆ ಅದು ತಿಳಿಯಲಿಲ್ಲ. ಟವೆಲಿನಲ್ಲಿ ಒರೆಸುವಾಗ ತಾಯಿ ಕಂಡಿದ್ದು.

ಫೋನಿನ ಅಂಕಿ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ಎದುರು ಗೋಡೆಯ ನೀರಿನ ವಿಷಯ. ಅಕ್ಕೋರ ಕಾಲಿದ್ದ ಕಡೆಯ ನೀರನ್ನು ಯಾರೂ ಅಳೆಯುತ್ತಿರಲಿಲ್ಲ.

"ತಪ್ಪು ನಂದೇ," ಎಂದೆ. "ಸೆನ್ಸರ್ ಅಲ್ಲಿ ಹಾಕ್ಬಾರ್ದಿತ್ತು. ತೂತು ಇತ್ತಲ್ಲ ಅಂತ ಹಾಕಿದ್ದು."

ಅಕ್ಕೋರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು, ತಪ್ಪು ಲೆಕ್ಕ ಮಾಡಿ ತಾನೇ ಒಪ್ಪಿಕೊಂಡ ಹುಡುಗನನ್ನು ನೋಡುವ ಹಾಗೆ. "ಅಡ್ಡಿಲ್ಲೆ. ಈಗ ಸರಿಯಾಗಿ ಮಾಡಿ," ಎಂದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಡಾಕ್ಟರು ಫೋನಿನಲ್ಲಿ ಚಿತ್ರ ನೋಡಿ, ಚರ್ಮ ಪೂರ್ತಿ ಮಾಯುವವರೆಗೆ ನೀರಿಗೆ ಇಳಿಸಬೇಡಿ ಎಂದರು. ನನಗೆ ಅಷ್ಟೇ ದಿನ ಸಿಕ್ಕಿತು.

ಮರುದಿನ ಐದು ಥರ್ಮಾಮೀಟರುಗಳನ್ನು ಒಂದು ಬಿದಿರು ಕೋಲಿಗೆ ಗೇಣು ಗೇಣು ಅಂತರದಲ್ಲಿ ಕಟ್ಟಿಕೊಂಡು ಹೋದೆ. ಬಾಯ್ಲರು ಹಚ್ಚಿ, ತೊಟ್ಟಿಯ ಆರು ಕಡೆ ಕೋಲು ಇಳಿಸಿ, ಹತ್ತು ಹತ್ತು ನಿಮಿಷಕ್ಕೆ ಬರೆದುಕೊಂಡೆ. ಮೇಲೆ ಮೂವತ್ತೇಳು ಇದ್ದಾಗ ತಳದಲ್ಲಿ ಇಪ್ಪತ್ತೊಂಬತ್ತು. ಮೆಟ್ಟಿಲ ಬಳಿ ಐವತ್ತೆಂಟು ಇದ್ದಾಗ ಎದುರು ಗೋಡೆಯಲ್ಲಿ ಮೂವತ್ತೊಂದು. ಒಂದೇ ತೊಟ್ಟಿಯಲ್ಲಿ ನಾಲ್ಕೈದು ಬಗೆಯ ನೀರು ಒಂದರ ಮೇಲೊಂದು ಮಲಗಿದ್ದವು. ತೊಟ್ಟಿಯ ನೀರನ್ನು ಸ್ಟೀಲ್ ಪೆಟ್ಟಿಗೆಗೆ ಕಳಿಸಿ ತರುವ ಪಂಪು ಚಿಕ್ಕದಾಗಿದ್ದರಿಂದ ಅವು ಬೆರೆಯುತ್ತಲೇ ಇರಲಿಲ್ಲ. ಬಾಯ್ಲರು ಕೂಡ ಒದ್ದಾಡುತ್ತಿತ್ತು. ಅದರ ಬಿಸಿಯನ್ನು ಆ ಚಿಕ್ಕ ಪಂಪು ಸಾಗಿಸಲಾರದೆ ಎರಡು ನಿಮಿಷ ಉರಿದು ಆರುವುದು, ಮತ್ತೆ ಹೊತ್ತುವುದು. ಗ್ಯಾಸು ಹೀಗೆ ಹೊತ್ತುವ ಆರುವ ಆಟದಲ್ಲೇ ವ್ಯರ್ಥವಾಗುತ್ತಿತ್ತು.

ಮಧ್ಯಾಹ್ನ ಬಾಯ್ಲರು ಆರಿಸಿ, ಕೈಯಿಂದಲೇ ನೀರು ಕಲಕಿ, ಎಲ್ಲ ಕಡೆ ಮೂವತ್ತನಾಲ್ಕು ಬಂದ ಮೇಲೆ, ಅಕ್ಕೋರ ತಾಯಿಯನ್ನು ಕೇಳಿ ನಾನೇ ತೊಟ್ಟಿಗಿಳಿದೆ. ಅವರು ನಡೆಯುವ ನೀರು ಹೇಗಿರುತ್ತದೆ ಎಂದು ತಿಳಿಯದೆ ಇನ್ನು ಕೆಲಸ ಮಾಡಬಾರದು ಅನ್ನಿಸಿತ್ತು.

ಬಾಡದಲ್ಲಿ ಕಡಲ ಪಕ್ಕ ಹುಟ್ಟಿ ಬೆಳೆದವನಿಗೆ ನೀರು ಹೊಸದಲ್ಲ. ಆದರೆ ಈ ನೀರು ಬೇರೆ. ಅಲೆ ಇಲ್ಲ, ಉಪ್ಪಿಲ್ಲ, ಚಳಿಯಿಲ್ಲ. ಕುತ್ತಿಗೆಯವರೆಗೆ ಮುಳುಗಿ ಕೂತ ಸ್ವಲ್ಪ ಹೊತ್ತಿಗೆ ನನ್ನ ಮೈ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯದಾಯಿತು. ತಗಡಿನ ಮೇಲೆ ಮಳೆ ಬರುವುದು, ನಿಲ್ಲುವುದು. ಪರದೆಯ ಹಸಿರು ಬೆಳಕು ನೀರಿನ ಮೇಲೆ ಬಿದ್ದು ಮಾಡಿನ ಒಳಮೈಯಲ್ಲಿ ತೂಗಾಡುತ್ತಿತ್ತು. ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಹಾಡುತ್ತಿದ್ದರು. ಒಬ್ಬಳು ಎತ್ತಿದ ಸಾಲನ್ನು ಉಳಿದವರು ನಿಧಾನವಾಗಿ ತಿರುಗಿ ಹೇಳುವ ಹಾಡು. ಮಾತು ಕೇಳಿಸುತ್ತಿರಲಿಲ್ಲ, ಏರಿಳಿತ ಮಾತ್ರ. ನನ್ನ ಭಾರವೆಲ್ಲ ಯಾರೋ ಎತ್ತಿಕೊಂಡಂತಿತ್ತು. ಕಾಲೆತ್ತಿದರೆ ತಾನಾಗಿ ಏಳುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆನೋ. ಎದ್ದು ಮೆಟ್ಟಿಲ ಮೇಲೆ ನಿಂತಾಗ ಮೈ ಮತ್ತೆ ಭಾರವಾಯಿತು. ನನಗೇ ಹೀಗಾದರೆ ಅಕ್ಕೋರಿಗೆ ಪ್ರತಿದಿನ ನೀರಿನಿಂದ ಮೇಲೆ ಬರುವಾಗ ಏನಾಗಬೇಡ?

ಕಂಬಿ ಹಿಡಿದು ನಿಂತಾಗಲೇ ಇನ್ನೊಂದು ಗಮನಕ್ಕೆ ಬಂತು. ಉಷ್ಣತೆ ತೋರಿಸುವ, ಏರಿಸಿ ಇಳಿಸುವ ಯಾವುದೂ ಅಲ್ಲಿಂದ ಕೈಗೆ ಎಟುಕುತ್ತಿರಲಿಲ್ಲ.

ಎರಡು ದಿನ ಬಿಟ್ಟು ಭಟ್ಕಳಕ್ಕೆ ಹೋದೆ. ಅಲ್ಲಿ ಹಳೇ ಪೇಟೆಯ ಒಂದು ಗಲ್ಲಿಯಲ್ಲಿ ಪಂಪು, ವಾಲ್ವು, ಥರ್ಮೋಸ್ಟಾಟುಗಳ ಅಂಗಡಿಯೊಂದಿದೆ. ಬಿಳಿ ಗಡ್ಡದ ಅಂಗಡಿಯವರು ಬಹಳ ವರ್ಷ ದುಬೈಯಲ್ಲಿ ಇದೇ ಕೆಲಸ ಮಾಡಿದವರು. ಒಳಗೆ ಮಗನ ಜೊತೆ ತಮ್ಮ ನವಾಯತಿ ಭಾಷೆಯಲ್ಲಿ ಮಾತಾಡುತ್ತಾ, ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದರು. ನಾನು ಬರೆದುಕೊಂಡ ಉಷ್ಣತೆಗಳ ಹಾಳೆಯನ್ನು ಕನ್ನಡಕ ಏರಿಸಿ ಪೂರ್ತಿ ಓದಿದರು. ಅಂಗಡಿಯಲ್ಲಿ ಬೇರೆ ಗಿರಾಕಿ ಬಂದು ನಿಂತರೂ ಹಾಳೆ ಬಿಡಲಿಲ್ಲ.

"ನೀರು ಇಷ್ಟು ಬಿಸಿ ಮಾಡಿ ಯಾಕೆ ಕಳಿಸ್ತೀರಿ?" ಎಂದರು. "ಎಪ್ಪತ್ತೈದಕ್ಕೆ ಇಟ್ಟಿದ್ದೀರಿ ಬಾಯ್ಲರು. ಐವತ್ತಕ್ಕೆ ಇಳಿಸಿ. ದೊಡ್ಡ ಪಂಪು ಹಾಕಿ. ಸಣ್ಣ ಉರಿ, ಜಾಸ್ತಿ ಹೊತ್ತು. ಗ್ಯಾಸೂ ಕಮ್ಮಿ ಹೋಗ್ತದೆ, ಕಾಲೂ ಸುಡೋದಿಲ್ಲ."

ಅಷ್ಟು ನಾನೂ ಯೋಚಿಸಿದ್ದೆ. ಮುಂದಿನದು ಯೋಚಿಸಿರಲಿಲ್ಲ. ನಾನು ಎರಡು ಬಗೆಯ ಕಂಟ್ರೋಲ್ ಮುಂದಿಟ್ಟುಕೊಂಡು ನೋಡುತ್ತಿದ್ದೆ. ಒಂದು, ಫೋನಿನದ್ದೇ ಇನ್ನೂ ಒಳ್ಳೆಯ ಜಾತಿ, ಮೂರು ಸೆನ್ಸರಿನದು. ಇನ್ನೊಂದು, ಎಷ್ಟು ಬಿಸಿ ಬೇಕೆಂದು ಕೈಯಿಂದ ತಿರುಗಿಸಿ ಇಡುವ ಸಾದಾ ಡಯಲಿನ ಥರ್ಮೋಸ್ಟಾಟ್.

"ಭಾಯ್, ಇದನ್ನ ತಿರುಗಿಸೋದು ಯಾರು?" ಎಂದು ಅವರು ಕೇಳಿದರು.

"ಅವರ ಅಣ್ಣ. ಹಡಗಲ್ಲಿದ್ದಾರೆ."

"ನೀರಲ್ಲಿ ಇಳಿಯೋದು?"

"ತಂಗಿ."

ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟು ಬೇರೆ ಗಿರಾಕಿಯ ಕಡೆ ಹೋದರು. ನಾನು ಬಹಳ ಹೊತ್ತು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಕೊನೆಗೆ ಡಯಲನ್ನೇ ತೆಗೆದುಕೊಂಡೆ. ಜೊತೆಗೆ ದೊಡ್ಡ ಪಂಪು, ಒಂದು ಟೈಮರು, ಮೂವತ್ತೇಳು ಡಿಗ್ರಿ ದಾಟಿದರೆ ಬಾಯ್ಲರನ್ನು ಪೂರ್ತಿ ಬಂದ್ ಮಾಡುವ ಇನ್ನೊಂದು ಥರ್ಮೋಸ್ಟಾಟ್. ಇದು ಒಮ್ಮೆ ಬಂದ್ ಮಾಡಿದರೆ ಮನುಷ್ಯರೇ ಹೋಗಿ ಗುಂಡಿ ಒತ್ತುವವರೆಗೆ ಮತ್ತೆ ಹೊತ್ತುವುದಿಲ್ಲ. ಕರೆಂಟು ಹೋಗಿ ಬಂದರೂ ಇಲ್ಲ.

ಸಂಜೆ ಅಕ್ಕೋರ ಮನೆಯಲ್ಲಿ ಅಣ್ಣನಿಗೆ ವಿಡಿಯೋ ಕರೆ ಹೋಯಿತು. ಅವರ ಹಿಂದೆ ಎಂಜಿನ್ನಿನ ಗುಡುಗು. ನಾನು ಡಯಲ್ ತೋರಿಸಿದೆ.

"ಇದನ್ನ ಎಲ್ಲಿ ಹಾಕ್ತ್ರಿ?"

"ಕಂಬಿ ಪಕ್ಕ. ಅಕ್ಕೋರ ಕೈಗೆ ಸಿಗೋ ಹಾಗೆ."

"ಬೇಡ ಮೇಸ್ತ್ರಿ! ಅವ್ಳಿಗೆ ಬಿಸಿ ಗೊತ್ತಾತಿಲ್ಲೆ. ಅವ್ಳ ಕೈಲಿ ಹೆಂಗೆ ಕೊಡುದು? ಚಪ್ಪರದಲ್ಲಿ ಡಬ್ಬಿಯೊಳಗೆ ಹಾಕಿ ಬೀಗ ಹಾಕಿ. ಮೊಬೈಲ್ ಬೇಕೇ ಬೇಕು ನಂಗೆ. ಮೊನ್ನೆ ಕಾಲು ಸುಟ್ಟದ್ದು ಮರ್ತೋಯ್ತಾ?"

ಸುಟ್ಟದ್ದು ನನ್ನ ತಪ್ಪಿನಿಂದ. ಅವರು ಹೆದರುವುದು ತಪ್ಪಲ್ಲ.

ಅಕ್ಕೋರು ಫೋನನ್ನು ತಾಯಿಯ ಕೈಯಿಂದ ತೆಗೆದುಕೊಳ್ಳಲು ಕೈ ಚಾಚಿದರು. ಬೆರಳು ಸರಿಯಾಗಿ ಮಡಚದೆ ಒಮ್ಮೆ ಜಾರಿತು. ಎರಡನೇ ಸಲ ಹಿಡಿದರು.

"ಅಣ್ಣಾ, ನಂಗೆ ಒಂದು ವರ್ಷದಿಂದ ಎಲ್ಲರೂ ಎತ್ತಿ ಕೂರ್ಸ್ತ್ರು, ಎತ್ತಿ ಮಲಗಿಸ್ತ್ರು. ಫ್ಯಾನ್ ಹಾಕುದು ಆಯಿ, ಬಾಗಿಲು ತೆಗೆಯುದು ಆಯಿ. ನಾ ನಡೆಯುದು ಆ ನೀರಲ್ಲಿ ಮಾತ್ರ. ಅದನ್ನೂ ನೀನು ಸಮುದ್ರದಲ್ಲಿ ಕೂತು ತಿರುಗಿಸ್ತೆ ಅಂದ್ರೆ ನಾ ಎಂತಕ್ಕೆ ಇಳೀಲಿ?" ಫೋನನ್ನು ಮುಖದ ಹತ್ತಿರ ತಂದರು. "ಕಾಲಿಗೆ ಗೊತ್ತಾತಿಲ್ಲೆ, ಹೌದು. ಕಣ್ಣಿಗೆ ಗೊತ್ತಾತದೆ. ಅಂಕಿ ಓದುಕೆ ಬರ್ತದೆ ನಂಗೆ."

ಅಣ್ಣ ಮುಖ ಒರೆಸಿಕೊಂಡರು.

ಆಗ ನಾನು ಹೇಳಿದೆ. ಡಯಲಿನ ಬೆನ್ನಲ್ಲಿ ಎರಡು ಪುಟ್ಟ ಮೊಳೆಗಳಿವೆ. ಅವನ್ನು ಬೇಕಾದ ಕಡೆ ಚುಚ್ಚಿದರೆ ಡಯಲು ಮೂವತ್ತರಿಂದ ಕೆಳಗೂ ಹೋಗುವುದಿಲ್ಲ, ಮೂವತ್ತೈದರಿಂದ ಮೇಲೂ ಹೋಗುವುದಿಲ್ಲ. ಅದಕ್ಕೆ ಹೋಗುವ ಕರೆಂಟು ಹನ್ನೆರಡು ವೋಲ್ಟು ಮಾತ್ರ, ಒದ್ದೆ ಕೈಗೆ ಹೆದರಿಕೆಯಿಲ್ಲ. ಮೂವತ್ತೇಳರ ಕಾವಲಿನದು ಚಪ್ಪರದಲ್ಲಿ ಬೀಗದೊಳಗೆ ಇರುತ್ತದೆ. ಮೊದಲಿನ ಬಿಳಿ ಡಬ್ಬಿಯನ್ನೂ ಉಳಿಸುತ್ತೇನೆ, ಆದರೆ ನೋಡುವುದಕ್ಕೆ ಮಾತ್ರ. ಅದರಿಂದ ಬಾಯ್ಲರಿಗೆ ಹೋಗುವ ತಂತಿ ಕತ್ತರಿಸುತ್ತೇನೆ. "ನೀವು ಕಾಣ್ಬಹುದು. ತಿರುಗಿಸೋದು ಅಕ್ಕೋರು."

ಅಣ್ಣ ಡಯಲಿನ ಬೆನ್ನನ್ನು ಇನ್ನೊಮ್ಮೆ ತೋರಿಸಲು ಹೇಳಿ, ನೋಡಿ, "ಆತು," ಎಂದರು.

ಕೆಲಸಕ್ಕೆ ಐದು ದಿನ ಹಿಡಿಯಿತು. ಪೈಪಿನ ಬಾಯಿಯನ್ನು ಮೆಟ್ಟಿಲಿನಿಂದ ತೆಗೆದು, ತೊಟ್ಟಿಯ ತಳದುದ್ದಕ್ಕೂ ಸಣ್ಣ ತೂತುಗಳ ಪೈಪು ಹಾಸಿದೆ. ಬಿಸಿ ಎಲ್ಲೂ ಒಂದೇ ಕಡೆ ನುಗ್ಗದೆ ನೆಲದಿಂದ ಜಿನುಗುವ ಊಟೆಯಂತೆ ಎಲ್ಲೆಡೆ ಏಳಲಿ ಎಂದು. ಸೆನ್ಸರನ್ನು ಈ ಸಲ ಗೋಡೆಯಲ್ಲಿ ಇಡಲಿಲ್ಲ. ತೊಟ್ಟಿಯ ನೀರೆಲ್ಲ ಬೆರೆತು ಪಂಪಿಗೆ ಹಿಂತಿರುಗುವ ಪೈಪಿನಲ್ಲಿ ಕೂರಿಸಿದೆ. ನಾಲ್ಕನೇ ದಿನ ದೊಡ್ಡ ಪಂಪು ಹಚ್ಚಿದರೆ ಜೋರಾಗಿ ಕೂಗಿತು, ಗಾಳಿ ಹೊಕ್ಕಿತ್ತು. ಒಂದು ಜೋಡಣೆ ಬಿಚ್ಚಿ, ಮತ್ತೆ ಸುತ್ತಿ ಬಿಗಿದೆ. ಆಮೇಲೆ ಅದೇ ಬಿದಿರು ಕೋಲು ಆರೂ ಕಡೆ ಇಳಿಸಿದೆ. ಎಲ್ಲಿಂದ ಎಲ್ಲಿಗೂ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಬಾಯ್ಲರು ಒಮ್ಮೆ ಹೊತ್ತಿದ್ದು ಬೇಕಾದಷ್ಟು ಹೊತ್ತು ಸಣ್ಣಗೆ, ಒಂದೇ ಸಮ ಉರಿಯಿತು. ಟೈಮರನ್ನು ಬೆಳಗಿನ ನಡಿಗೆಗೆ ಎರಡು ತಾಸು ಮೊದಲಿನಿಂದ ನಡಿಗೆ ಮುಗಿಯುವವರೆಗೆ ಇಟ್ಟೆ; ಉಳಿದ ಹೊತ್ತು ಬಾಯ್ಲರಿಗೆ ಕೆಲಸವಿಲ್ಲ.

ನನ್ನ ಇಷ್ಟೆಲ್ಲ ಕಸರತ್ತಿಗಿಂತ ಹೆಚ್ಚು ಗ್ಯಾಸು ಉಳಿಸಿದ್ದು ಅಕ್ಕೋರ ತಾಯಿ. "ಅನ್ನದ ಪಾತ್ರೆಗೆ ಮುಚ್ಚಳ ಹಾಕ್ತ್ರು. ಇದ್ಕೆ ಎಂತಕ್ಕೆ ಇಲ್ಲೆ?" ಎಂದು ಕೇಳಿದರು. ಪ್ಯಾಕಿಂಗಿಗೆ ಬರುವ ದಪ್ಪ ಫೋಮಿನ ಹಾಳೆಗಳನ್ನು ಟಾರ್ಪಾಲಿನೊಳಗೆ ಇಟ್ಟು, ಗೋಣಿ ದಬ್ಬಣದಿಂದ ತಾವೇ ಹೊಲಿದು, ನೀರಿನ ಮೇಲೆ ತೇಲಿಬಿಟ್ಟರು. ಮರುದಿನ ಬೆಳಿಗ್ಗೆ ಬಾಯ್ಲರು ಹಚ್ಚುವ ಮೊದಲೇ ನೀರು ಮೂವತ್ತೆರಡಿತ್ತು. ನಾಲ್ಕು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ ಹನ್ನೆರಡನೆಯ ದಿನಕ್ಕೂ ಬಂತು. ಬಾಯ್ಲರಿನ ಪುಸ್ತಕವನ್ನು ಅಷ್ಟು ಸಲ ಓದಿದ ನನಗೆ ಮುಚ್ಚಳದ ಯೋಚನೆ ಬಂದಿರಲಿಲ್ಲ.

ಕಾಲು ಪೂರ್ತಿ ಮಾಯ್ದ ಮೇಲೆ ಅಕ್ಕೋರು ನೀರಿಗೆ ಇಳಿದರು. ಕಂಬಿ ಹಿಡಿದು ನಿಂತು, ಡಯಲಿನ ಮೇಲೆ ಅಂಗೈಯಿಟ್ಟು, ಬೆರಳು ಮಡಚಲಾರದ್ದಕ್ಕೆ ಇಡೀ ಮಣಿಕಟ್ಟನ್ನೇ ತಿರುಗಿಸಿದರು. ಮೂವತ್ತಮೂರು. ಮೂವತ್ತನಾಲ್ಕು. ಟಕ್ ಎಂದು ಸಣ್ಣ ಸದ್ದಾಯಿತು. ಹೊರಗೆ ಚಪ್ಪರದಲ್ಲಿ ಬಾಯ್ಲರು ಹೊತ್ತಿಕೊಂಡಿತು. ಅವರು ಒಮ್ಮೆ ಆ ಕಡೆ ತಿರುಗಿ ನೋಡಿ, ನಡೆಯತೊಡಗಿದರು.

ಮಳೆಗಾಲ ಹೋಯಿತು. ಗದ್ದೆ ಹಳದಿಯಾಗಿ, ಕೊಯ್ಲಾಗಿ, ಬೇಸಿಗೆ ತರಕಾರಿಯ ಸಾಲುಗಳು ಎದ್ದವು. ತಿಂಗಳಿಗೊಮ್ಮೆ ಹೋಗಿ ಬರ್ನರ್ ಉಜ್ಜಿ, ಸೋಪುನೀರು ಹಚ್ಚಿ ಗ್ಯಾಸಿನ ಜೋಡಣೆಗಳನ್ನು ನೋಡಿ ಬರುತ್ತಿದ್ದೆ. ಪರದೆಯ ಬಳಿ ನಿಂತು ಅವರು ನಡೆಯುವುದನ್ನು ಸ್ವಲ್ಪ ಹೊತ್ತು ನೋಡುವುದೂ ರೂಢಿಯಾಯಿತು. ಒಂದು ತಿಂಗಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು, ಮುಂದಿನ ತಿಂಗಳು ಒಂದು ಕೈಯಲ್ಲಿ. ಕಾಲಿನ ಮಾತನ್ನು ನಾನೂ ತೆಗೆಯುತ್ತಿರಲಿಲ್ಲ, ಅವರೂ ತೆಗೆಯುತ್ತಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ಮಂಜು ಇನ್ನೂ ಗದ್ದೆಯ ಮೇಲಿದ್ದಾಗ, ಅವರದೇ ಫೋನು ಬಂತು.

"ಮೇಸ್ತ್ರಿ, ನಿಮ್ಮ ಡಯಲ್ ಹಾಳಾಗಿದೆ ಕಾಣ್ತದೆ. ನೀರು ಬಿಸಿ ಆಗಿದೆ."

ಕೆಂಪಗಾದ ಕಾಲು ಕಣ್ಣ ಮುಂದೆ ಬಂತು. "ಇಳೀಬೇಡಿ ಅಕ್ಕೋರೆ, ನಾ ಬಂದೆ," ಎಂದವನೇ ಸ್ಕೂಟರು ಹತ್ತಿದೆ. ಬಾಡದಿಂದ ಹೊಳನಗದ್ದೆಯವರೆಗೆ ದಾರಿಯುದ್ದಕ್ಕೂ ಯಾವ ಭಾಗ ಕೆಟ್ಟಿರಬಹುದು, ಮೂವತ್ತೇಳರ ಕಾವಲು ಯಾಕೆ ಕೆಲಸ ಮಾಡಲಿಲ್ಲ ಎಂದು ಒಂದೊಂದನ್ನೇ ಮನಸ್ಸಿನಲ್ಲಿ ಬಿಚ್ಚುತ್ತಾ ಹೋದೆ.

ಮುಚ್ಚಳ ಅರ್ಧ ಸರಿದಿತ್ತು. ಅಕ್ಕೋರು ಮೇಲಿನ ಮೆಟ್ಟಿಲ ಮೇಲೆ ಕೂತಿದ್ದರು, ಪಾದ ನೀರಿನಿಂದ ಹೊರಗೆ. ಡಯಲು ಮೂವತ್ತನಾಲ್ಕರಲ್ಲಿತ್ತು. ಥರ್ಮಾಮೀಟರ್ ಅದ್ದಿದೆ. ಮೂವತ್ತನಾಲ್ಕು. ಇನ್ನೊಂದು ಅದ್ದಿದೆ. ಮೂವತ್ತನಾಲ್ಕು. ಎದುರು ಗೋಡೆ, ತಳ, ಮೆಟ್ಟಿಲ ಬುಡ, ಎಲ್ಲ ಕಡೆ ನೋಡಿದೆ. ಬಾಯ್ಲರು ಆರಿತ್ತು. ಕಾವಲಿನ ಗುಂಡಿ ಜಾಗದಲ್ಲೇ ಇತ್ತು.

"ಎಲ್ಲ ಸರಿಯಾಗೇ ಇದೆ, ಅಕ್ಕೋರೆ," ಎಂದೆ. "ದಿನಾ ಇರೋ ಅಷ್ಟೇ ಇದೆ ನೀರು."

"ಸುಳ್ಳು. ಬಿಸಿ ಇದೆ." ಅವರು ಎಡಗಾಲನ್ನು ಕೈಯಿಂದ ಎತ್ತಿ ನೀರಿಗೆ ಇಳಿಸಿದರು. "ಕಾಣಿ, ಇಲ್ಲಿ, ಪಾದದ ಮೇಲೆ..."

ಮಾತು ಅಲ್ಲಿಗೇ ನಿಂತಿತು. ಅವರ ಕೈ ಮೊಣಕಾಲಿನ ಮೇಲೆ ಹಾಗೇ ಉಳಿಯಿತು. ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದ ತಾಯಿ ಒಂದು ಹೆಜ್ಜೆ ಮುಂದೆ ಬಂದರು. ಪರದೆಯಿಂದ ಬಂದ ಮಂಜಿನ ಬೆಳಕು ನೀರಿನ ಮೇಲೆ ಬಹಳ ಹೊತ್ತು ಅಲುಗಾಡಿತು. ಅಕ್ಕೋರು ಪಾದವನ್ನು ಮೇಲೆತ್ತಿದರು, ಮತ್ತೆ ಇಳಿಸಿದರು, ಮತ್ತೆ ಎತ್ತಿದರು.

"ಆಯಿ," ಎಂದರು ಬಹಳ ಮೆಲ್ಲಗೆ, "ಬೆಚ್ಚಗಿದೆ."